ಬೆಲ್ಟಿನ ಜಾಗದಲ್ಲಿ ಪುಕ್ಕಟೆ ಕ್ಲಿಪ್ಪು

ಆ ಕ್ಲಿಪ್ಪಿಗೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಫಳ್ನೀರಿನ ಅಂಗಡಿಯೊಂದರಲ್ಲಿ ಹೊಸ ಕಾರಿಗೆ ಸೀಟ್ ಕವರ್ ಹಾಕಿಸುವಾಗ ಒಂಬತ್ತು ಸಾವಿರದ ಮಾತನ್ನು ಆರೂವರೆಗೆ ಇಳಿಸಿದ್ದೆ. ಅಷ್ಟಕ್ಕೇ ಬಿಡುವ ಜಾಯಮಾನ ನನ್ನದಲ್ಲ. ಮೇಲಿಂದ ಏನಾದರೂ ಕೊಡಿ ಎಂದೆ. ಅಂಗಡಿಯವರಿಗೆ ಸಾಕಾಗಿ ಎರಡು ಕ್ಲಿಪ್ ಕೊಟ್ಟು ಕಳಿಸಿದರು. ಸೀಟ್ ಬೆಲ್ಟ್ ಸಿಕ್ಕಿಸುವ ತೂತಿಗೆ ಅದನ್ನು ತುರುಕಿದರೆ, ಬೆಲ್ಟ್ ಹಾಕದಿದ್ದರೂ ಕಾರು ಕೂಗುವುದಿಲ್ಲ.

ಕಾರು ತೀರಾ ಸಣ್ಣದು. ದೇರೆಬೈಲಿನ ನಮ್ಮ ಓಣಿಗೆ ಅದಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಎದುರು ಎರಡು ಏರ್‌ಬ್ಯಾಗ್ ಉಂಟು, ಊರೊಳಗೆ ಇನ್ನೆಂತ ಬೇಕು ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಗಲ್ಫಿನಲ್ಲಿ ನರ್ಸ್ ಆಗಿರುವ ಅಕ್ಕ ರಜೆಯಲ್ಲಿ ಬಂದಿದ್ದಳು. ಇಬ್ಬರೂ ಒಂದು ಮದುವೆಗೆ ಹೊರಟೆವು. ಕೂತ ಕೂಡಲೇ ಅವಳು ಬೆಲ್ಟ್ ಎಳೆದಳು. ಸಿಕ್ಕಿಸಲು ತೂತಿಲ್ಲ.

"ಇದೆಂತ, ಬಿರಡೆ ಜಡಿದಿದ್ದಿ?"

"ಫ್ರೀ ಸಿಕ್ಕಿದ್ದು. ಸುಮ್ಮನೆ ಕೂತ್ಕೊ ಅಕ್ಕ, ಸೀರೆ ಮುದುಡ್ತದೆ. ಎದುರು ಬಲೂನ್ ಉಂಟಲ್ಲ."

"ನಿನ್ನ ಬಲೂನ್ ಬರ್ತ್‌ಡೇಗೆ ಇಟ್ಕೊ ಮಾರಾಯ."

ಕ್ಲಿಪ್ ಕೀಳಲು ನೋಡಿದಳು. ಒತ್ತುವ ಗುಂಡಿ ಹೊಸ ಸೀಟ್ ಕವರಿನಡಿ ಅರ್ಧ ಹೂತಿತ್ತು, ಕ್ಲಿಪ್ ಹೊರಬರಲಿಲ್ಲ. ಊಟಕ್ಕೆ ತಡವಾಗುತ್ತದೆ ಎಂದು ನಾನು ಗೇರ್ ಹಾಕಿಬಿಟ್ಟೆ. ನಾನು ಮಾತ್ರ ಬೆಲ್ಟ್ ಹಾಕಿದ್ದೆ, ಪೊಲೀಸರು ದಂಡ ಹಾಕುತ್ತಾರೆಂದು.

ಕೈ ಅಡ್ಡ ಹಿಡಿದ ಯಾರಿಗೋ ನಮ್ಮ ಮುಂದೆ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ತೀರಾ ಹತ್ತಿರದಲ್ಲಿದ್ದೆ, ಹೋಗಿ ಗುದ್ದಿದೆ. ಬ್ರೇಕಿಗೇ ಮುಂದಕ್ಕೆ ಜಾರಿದ್ದ ಅಕ್ಕನ ಮುಖಕ್ಕೆ ಉಬ್ಬಿ ಬಂದ ಏರ್‌ಬ್ಯಾಗ್ ಬಡಿಯಿತು.

ಅತ್ತಾವರದ ಆಸ್ಪತ್ರೆಯಲ್ಲಿ ಅವಳು ಕಣ್ಣು ಮುಚ್ಚಿ ಮಲಗಿದ್ದಳು, ಮೂಗಿನಿಂದ ರಕ್ತ. ನೀರು ಕುಡಿಸೋಣವೆಂದು ನಾನು ಅವಳ ಬೆನ್ನಿಗೆ ಕೈ ಕೊಡುವ ಹೊತ್ತಿಗೆ ಡಾಕ್ಟರು ಬಂದು, ಬೆಲ್ಟ್ ಹಾಕಿದ್ದರಾ ಎಂದು ಕೇಳಿದರು. ಇಲ್ಲವೆಂದರೆ ವಿಮೆಯವರು ಹಣ ಕತ್ತರಿಸಿಯಾರು ಎಂಬ ಲೆಕ್ಕ ನನ್ನ ತಲೆಯಲ್ಲಿ ಆ ಕ್ಷಣಕ್ಕೇ ಓಡಿತು. ಹಾಕಿದ್ದಳು ಎಂದೆ.

ಅಕ್ಕ ಕಣ್ಣು ತೆರೆಯಲಿಲ್ಲ. "ಇಲ್ಲ ಡಾಕ್ಟ್ರೇ, ಹಾಕಿರಲಿಲ್ಲ. ಏರ್‌ಬ್ಯಾಗ್ ಮುಖಕ್ಕೇ ಬಡಿದದ್ದು, ಕುತ್ತಿಗೆ ನೋಡಿ," ಎಂದಳು.

ತಲೆ ಅಲ್ಲಾಡಿಸಬಾರದೆಂದು ಕೂಡಲೇ ಕುತ್ತಿಗೆಗೆ ಪಟ್ಟಿ ಕಟ್ಟಿ ಸ್ಕ್ಯಾನಿಗೆ ಕೊಂಡೊಯ್ದರು. ಕುತ್ತಿಗೆಯ ಮೂಳೆಯಲ್ಲಿ ಬಿರುಕು. ಎಬ್ಬಿಸಿ ಕೂರಿಸಿದ್ದರೆ ಕೈಕಾಲಿನ ಶಕ್ತಿಯೇ ಹೋಗುವ ಸಂಭವವಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೂರು ತಿಂಗಳ ಬಳಿಕ ಪಟ್ಟಿ ತೆಗೆದರು. ಅಕ್ಕ ಈಗ ನಡೆಯುತ್ತಾಳೆ, ಆದರೆ ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸಕ್ಕೆ ಇನ್ನೂ ಹೋಗುವಂತಿಲ್ಲ. ನೋಡಲು ಬಂದವರಿಗೆ ಬಸ್ಸು ಒಮ್ಮೆಲೇ ನಿಂತದ್ದನ್ನು ಹೇಳುತ್ತಾಳೆ. ಕ್ಲಿಪ್ಪಿನ ಸುದ್ದಿ ಎತ್ತುವುದಿಲ್ಲ. ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ನಿಮ್ಮ ಕಾರಿನಲ್ಲಿ ಅಂಥದ್ದಿದ್ದರೆ ಇವತ್ತೇ ಕಿತ್ತು ಬಿಸಾಡಿ, ಬೇರೆಯವರಿಗೆ ಕೊಡಲೂಬೇಡಿ. ಸಣ್ಣ ಕಾರಿನ ಮೂತಿ ಗಿಡ್ಡ, ಗುದ್ದು ತಾಳಿಕೊಳ್ಳುವ ಜಾಗ ಕಡಿಮೆ. ಬೆಲ್ಟ್ ನಮ್ಮನ್ನು ಹಿಡಿದುಕೊಂಡರೆ ಮಾತ್ರ ಏರ್‌ಬ್ಯಾಗಿನಿಂದ ಉಪಕಾರ. ಸೀಟ್ ಕವರ್ ಹಾಕಿಸಿದ ಮೇಲೆ ಪ್ರತಿ ಬೆಲ್ಟನ್ನೂ ಸಿಕ್ಕಿಸಿ, ಬಿಚ್ಚಿ ನೋಡಿಯೇ ಹಣ ಕೊಡಿ. ಆದರೂ ಪೆಟ್ಟಾಯಿತೆನ್ನಿ, ಬಿದ್ದವರನ್ನು ನೀರಿಗೆಂದು ಎಬ್ಬಿಸಬೇಡಿ. ಬೆಲ್ಟ್ ಹಾಕಿರದಿದ್ದರೆ, ಡಾಕ್ಟರು ಕೇಳುವ ಮೊದಲೇ ಅದನ್ನು ನೀವೇ ಹೇಳಿ.