ಖಲೀದಾ ಕೇಳಿಸಿಕೊಂಡ ಮಾತು

ಖಲೀದಾಳಿಗೆ ಯಾವುದರ ಹೆದರಿಕೆ ಇಲ್ಲ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತದೆ. ಅಮೆರಿಕದ ನೋವೈಯಲ್ಲಿ ನಮ್ಮದೇ ಬಡಾವಣೆ, ಎರಡು ತಿರುವು ದಾಟಿದರೆ ಅವಳ ಮನೆ. ಫ್ರೀವೇ ಎಂದರೆ ಹೆದರಿಕೆ, ಬಾಗಿಲು ತಟ್ಟುವ ಅಪರಿಚಿತರೆಂದರೆ ಹೆದರಿಕೆ. ಸುಂಟರಗಾಳಿಯ ಸೈರನ್ನನ್ನು ಬರೀ ಪರೀಕ್ಷೆಗೆಂದು ಕೂಗಿಸುತ್ತಾರೆಂದು ಗೊತ್ತಿದ್ದರೂ ಮಗಳನ್ನು ಎಳೆದುಕೊಂಡು ಬೇಸ್‌ಮೆಂಟಿಗೆ ಓಡುತ್ತಿದ್ದಳು. "ಟೆಸ್ಟ್ ಕಣೇ ಅದು" ಎಂದು ನಾನು ನಕ್ಕರೆ, "ಟೆಸ್ಟ್ ಅಂತ ನಿಮಗ ಗೊತ್ತದ. ಗಾಳಿಗೆ ಗೊತ್ತದೇನ್ರಿ ವತ್ಸಲಾ?" ಎನ್ನುತ್ತಿದ್ದಳು. ನಾನು ಮೈಸೂರಿನವಳು, ನಾಲಿಗೆ ಸ್ವಲ್ಪ ಉದ್ದ. ಅವಳಿಗೆ ಎದುರಿಗೇ ಪುಕ್ಕಲಿ ಎಂದು ಹೆಸರಿಟ್ಟಿದ್ದೆ.

ಅವಳದು ಗದಗ. ಮನೆಯೊಳಗೆ ದಖನಿ ಉರ್ದು, ನನ್ನ ಜೊತೆ ಗದಗದ ಕನ್ನಡ. ಗಂಡ ವಾಹಿದ್ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಇಂಜಿನಿಯರ್. ಒಬ್ಬಳೇ ಮಗಳು ಅಲಿಯಾ. 2000ದ ಕೊನೆಯಲ್ಲಿ ವಾಹಿದನ ಕಂಪನಿ ಅವನನ್ನು ಒಂದು ಚಳಿಗಾಲದ ಮಟ್ಟಿಗೆ ಕೆನಡಾದ ಕ್ವಿಬೆಕ್ ಕಡೆಯ ಒಂದು ಹಳ್ಳಿಗೆ ಕಳಿಸಿತು. ನೋವೈಯ ಚಳಿ ಬ್ರೇಕಿಗೆ ಸಾಲದಂತೆ, ಅಲ್ಲಿಯ ಚಳಿಯೇ ಬೇಕಂತೆ. ಆ ಊರಿನ ಹೆಸರು ಇವತ್ತಿಗೂ ನನ್ನ ಬಾಯಲ್ಲಿ ಹೊರಡುವುದಿಲ್ಲ. ಸುತ್ತ ಕಾಡು, ಕಾಡಿನ ನಡುವೆ ಕೆರೆಗಳು. ಒಂದು ಚರ್ಚು, ಒಂದು ಅಂಗಡಿ, ಒಂದು ಪುಟ್ಟ ಶಾಲೆ. ಊರಿಗೆ ಊರೇ ಮಾತಾಡುವುದು ಫ್ರೆಂಚ್.

ಹೊರಡುವ ಹಿಂದಿನ ದಿನ ಸೂಟ್‌ಕೇಸಿನ ಮುಂದೆ ಕೂತು ಅವಳು ಕೇಳಿದ್ದು ಒಂದೇ ಪ್ರಶ್ನೆ. "ಹುಡುಗಿಗೆ ಏನಾರ ಆದ್ರ ನಾ ಯಾವ ಭಾಷಾದಾಗ ಚೀರ್ಲಿ?"

"ಚೀರೋದಕ್ಕೆ ಭಾಷೆ ಬೇಕೇನೇ?" ಎಂದೆ ನಾನು. ಅವಳು ನಗಲಿಲ್ಲ.

ಅಲ್ಲಿಂದ ಫೋನ್ ಮಾಡಿದಾಗಲೆಲ್ಲ ಅವಳ ದನಿ ಪಿಸುಮಾತಿನಂತಿರುತ್ತಿತ್ತು. ಬಾಡಿಗೆ ಮನೆ ಕೆರೆಯ ದಂಡೆಯಲ್ಲೇ ಇತ್ತು. ಕೆರೆ ಹೆಪ್ಪುಗಟ್ಟಿ, ನಡುಮಧ್ಯಾಹ್ನದಲ್ಲೂ ಒಳಗಿಂದ ಉದ್ದಕ್ಕೆ ಊಳಿಡುತ್ತಿತ್ತಂತೆ. "ಕೆರಿ ನರಳ್ತದ್ರಿ, ಖರೇನ ನರಳ್ತದ. ಇವ್ರು ಕೇಳ್ಕೊಂಡ್ ಕಾಫಿ ಕುಡೀತಾರ." ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ. ಊರವರೆಲ್ಲ ಅವಳನ್ನು ಮದಾಮ್ ಎನ್ನುತ್ತಿದ್ದರಿಂದ ಖಲೀದಾಳಿಗೂ ಅವಳು ಮದಾಮ್. ಬ್ರೆಡ್ಡು ತಂದುಕೊಡುತ್ತಾಳೆ, ಗಂಟೆಗಟ್ಟಲೆ ಮಾತಾಡುತ್ತಾಳೆ, ಒಂದಕ್ಷರ ತಿಳಿಯುವುದಿಲ್ಲ. ಇವಳು ತಲೆಯಾಡಿಸುತ್ತ ಕೂರುವುದು. "ಎದಕ್ಕ ಹೂಂ ಅಂದೆ ಅಂತ ನನಗ ಗೊತ್ತಿರೂದಿಲ್ರಿ. ಅದ ಅಂಜಿಕಿ" ಎನ್ನುತ್ತಿದ್ದಳು.

ಅಲಿಯಾಳಿಗೆ ಆಗ ಆರು ದಾಟಿತ್ತು. ಊರ ಶಾಲೆಗೆ ಸೇರಿಸಿದ್ದರು. ಮಕ್ಕಳಿಗೇನು, ಮೂರು ತಿಂಗಳಿಗೆ ಫ್ರೆಂಚ್ ಪಟಪಟ ಬಂತು. ಶಾಲೆ ಕೆರೆಯ ಆಚೆ ದಂಡೆಯಲ್ಲಿತ್ತು. ಊರಿನ ಮಕ್ಕಳೆಲ್ಲ ಮಂಜುಗಡ್ಡೆಯ ಮೇಲೆಯೇ ದಾಟುತ್ತಿದ್ದರು. ಮೊದಮೊದಲು ಖಲೀದಾ ಮಗಳನ್ನು ರಸ್ತೆಯಿಂದ ಸುತ್ತುಹಾಕಿ ಕರೆದುಕೊಂಡು ಹೋದಳು. ಆಮೇಲೆ ಆ ಗಡ್ಡೆಯ ಮೇಲೆ ಪಿಕಪ್ ಟ್ರಕ್ಕುಗಳೇ ಓಡುವುದನ್ನು ಕಂಡಳು. ಜನ ಅದರ ಮೇಲೆ ಮರದ ಗುಡಿಸಲು ಇಟ್ಟು, ತೂತು ಕೊರೆದು ಮೀನು ಹಿಡಿಯುವುದನ್ನು ಕಂಡಳು. ಫೆಬ್ರವರಿಯ ಹೊತ್ತಿಗೆ ತಾನೂ ಕೆರೆ ದಾಟಿ ಅಂಗಡಿಗೆ ಹೋಗತೊಡಗಿದಳು. ಹುಟ್ಟಿದ ಮೇಲೆ ಅವಳು ಬಿಟ್ಟ ಹೆದರಿಕೆ ಅದೊಂದೇ ಇರಬೇಕು. ಫೋನಿನಲ್ಲಿ ಹೇಳಿಕೊಂಡು ಖುಷಿಪಟ್ಟಳು, ನಾನೂ ಶಭಾಷ್ ಎಂದೆ.

ಮಾರ್ಚ್ ಕೊನೆಯಲ್ಲಿ ಊರವರು ಟ್ರ್ಯಾಕ್ಟರ್ ತಂದು ಮೀನಿನ ಗುಡಿಸಲುಗಳನ್ನೆಲ್ಲ ದಂಡೆಗೆ ಎಳೆದರು. ಮೀನಿನ ಕಾಲ ಮುಗಿಯಿತೆಂದು ಖಲೀದಾ ಅಂದುಕೊಂಡಳು. ಗಡ್ಡೆ ಒಳಗಿಂದ ಕರಗುತ್ತಿದೆಯೆಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಹೇಳಿರಬಹುದು, ಅವಳು ತಲೆಯಾಡಿಸಿರಬಹುದು.

ಆ ಶನಿವಾರ ಒಳ್ಳೆಯ ಬಿಸಿಲಿತ್ತು. ವಾಹಿದ್ ಕೆಲಸಕ್ಕೆ ಹೋಗಿದ್ದ. ಹಿತ್ತಲ ದಿಬ್ಬದಲ್ಲಿ ಅಲಿಯಾ ಮದಾಮಳ ಮನೆಯ, ಕೂತು ಹಿಮದ ಮೇಲೆ ಜಾರುವ ಪ್ಲಾಸ್ಟಿಕ್ ಬಂಡಿ ಇಟ್ಟುಕೊಂಡು ಆಡುತ್ತಿದ್ದಳು. ಖಲೀದಾ ದಂಡೆಯಲ್ಲೇ ನಿಂತಿದ್ದಳು. ಬಂಡಿ ಕೈತಪ್ಪಿ, ಬರಿದೇ ಜಾರುತ್ತ ಜಾರುತ್ತ ಕೆರೆಯ ಮೇಲೆ ದೂರ ಹೋಗಿ ನಿಂತಿತು. ಅಲಿಯಾ ಗಡ್ಡೆಯಂಚಿಗೆ ಬಂದು ನಿಂತಳು. ಅಷ್ಟರಲ್ಲಿ ಮದಾಮ್ ತನ್ನ ಮನೆಯ ಜಗಲಿಗೆ ಓಡಿಬಂದು ಎರಡೂ ಕೈ ಬೀಸುತ್ತ ಕೂಗಿಕೊಂಡಳು.

"ವಾ ಪಾ ಲಾ! ವಾ ಪಾ ಲಾ!"

ಖಲೀದಾಳ ಕಿವಿಗೆ ಬಿದ್ದದ್ದು "ವಾಪಸ್ ಲಾ." ವಾಪಸ್ ತಗೊಂಡು ಬಾ ಎಂದು. ಅವಳ ತವರಿನ ಮಾತು, ಗದಗದ ಅವಳ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಮಾತು. "ಖರೇ ಹೇಳ್ತೀನ್ರಿ, ನನಗ ಭಾಳ ಸಂತೋಷ ಆತು. ನಾಕ್ ತಿಂಗಳಾದ ಮ್ಯಾಲ ಆ ಊರಾಗ ಒಂದ್ ಮಾತು ನನಗ ತಿಳದಿತ್ತು" ಎಂದಳು, ಆಮೇಲೆ ನನ್ನ ಅಡುಗೆಮನೆಯಲ್ಲಿ ಇದನ್ನು ಹೇಳುವಾಗ. ಸಂತೋಷದ ಬೆನ್ನಿಗೇ ನಾಚಿಕೆ. ಬೇರೆಯವರ ಮನೆಯ ಸಾಮಾನು, ಪಾಪ ಮುದುಕಿ ಕೂಗಿ ಕೇಳುತ್ತಿದ್ದಾಳೆ. ಅಲಿಯಾ ಮದಾಮಳ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು.

"ಜಾ," ಎಂದಳು ಖಲೀದಾ. ಹೋಗು, ತಗೊಂಡು ಬಾ. ಹುಡುಗಿ ಅಲ್ಲೇ ನಿಂತದ್ದನ್ನು ಕಂಡು ದನಿ ಏರಿಸಿದಳು. "ಜಾ ಬೋಲೀ ನಾ!" ಹೋಗು ಅಂದೆನಲ್ಲ ಎಂದು.

ಅಲಿಯಾ ಹೋದಳು. ಮದಾಮಳ ಕೂಗು ಚೀರಾಟವಾಯಿತು. ಬಂಡಿಗೆ ಇನ್ನೇನು ಕೈ ತಗಲಬೇಕು, ಹುಡುಗಿಯ ಕಾಲಕೆಳಗೆ ಗಡ್ಡೆ ಬೂದುಬಣ್ಣಕ್ಕೆ ತಿರುಗಿತು. ಸದ್ದೇ ಆಗಲಿಲ್ಲವಂತೆ. ನಿಂತಿದ್ದ ಹುಡುಗಿ ಕುತ್ತಿಗೆಯವರೆಗೆ ನೀರಿನಲ್ಲಿ.

ಖಲೀದಾ ಚೀರಿದಳು. ಯಾವ ಭಾಷೆಯಲ್ಲಿ ಎಂದು ಅವಳಿಗೂ ನೆನಪಿಲ್ಲ. ಓಡಿದಳು. ದಂಡೆಯ ಬಳಿಯೇ ಗಡ್ಡೆ ಒಡೆದು ಸೊಂಟದವರೆಗೆ ನೀರಿಗಿಳಿದಳು, ಕೆಳಗೆ ಕೆಸರಿನಲ್ಲಿ ಕಾಲು ಹೂತುಹೋಯಿತು. ಮುಂದಕ್ಕೆ ಹೋಗಲಾರಳು. ಮಗಳ ಕೆಂಪು ಟೋಪಿ ಮುಳುಗುತ್ತ ಏಳುತ್ತ ಇದ್ದದ್ದನ್ನು ನೋಡುತ್ತ ನಿಂತಿದ್ದಳು. ಇದನ್ನು ಹೇಳುವಾಗ ಅವಳ ಕೈಯಲ್ಲಿದ್ದ ಚಹಾದ ಬಟ್ಟಲನ್ನು ನಾನು ತೆಗೆದು ಕೆಳಗಿಡಬೇಕಾಯಿತು.

ಮುದುಕಿ ಜಗಲಿಯ ಗೋಡೆಗೆ ಆನಿಸಿದ್ದ ಅಲ್ಯೂಮಿನಿಯಂ ಏಣಿಯನ್ನು ಎಳೆದು ತಂದಳು. ಅದನ್ನು ಗಡ್ಡೆಯ ಮೇಲೆ ಉದ್ದಕ್ಕೆ ತಳ್ಳಿ, ಅದರ ಮೇಲೆ ಹೊಟ್ಟೆಯಲ್ಲಿ ತೆವಳುತ್ತ ಹೋದಳು. ಹೋಗುತ್ತ ಹುಡುಗಿಯ ಜೊತೆ ಮಾತಾಡುತ್ತಲೇ ಇದ್ದಳು. ಈಗ ಕೂಗಾಟವಿಲ್ಲ, ಮೆಲ್ಲಗೆ. ಅಲಿಯಾ ಆ ಮಾತು ಕೇಳಿ ಕೈ ಚಾಚಿದಳು, ಏಣಿಯ ಮೆಟ್ಟಿಲು ಸಿಕ್ಕಿತು.

ಮದಾಮಳ ಅಡುಗೆಮನೆಯಲ್ಲಿ ಸೌದೆಯ ಒಲೆಯ ಮುಂದೆ ಹುಡುಗಿಯನ್ನು ಬತ್ತಲೆ ಮಾಡಿ ಕಂಬಳಿ ಸುತ್ತಿದರು. ತುಟಿಗಳು ನೀಲಿಗಟ್ಟಿದ್ದವು. ಬಹಳ ಹೊತ್ತಿನ ಮೇಲೆ ಹಲ್ಲು ಕಟಕಟಿಸುವುದು ನಿಂತು ಮಾತು ಹೊರಟಿತು. ಖಲೀದಾ ಕೇಳಿದಳು, ಮದಾಮ್ ಕೂಗಿದ್ದೇನು?

"ಡೋಂಟ್ ಗೋ ದೇರ್."

"ನಿನಗೆ ಆಗಲೇ ತಿಳಿದಿತ್ತಾ?"

"ಯೆಸ್."

"ಮತ್ತೆ ಯಾಕೆ ಹೋದೆ?"

"ಯೂ ಸೆಡ್ ಗೋ, ಮಮ್ಮಿ."

ಮಗು ದೂರಿ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿತು, ಅಷ್ಟೆ. ಆದರೆ ಖಲೀದಾಳಿಗೆ ಅವತ್ತು ಕೆರೆ ಕೊಟ್ಟ ಹೆದರಿಕೆಗಿಂತ ಆ ಉತ್ತರ ಕೊಟ್ಟ ಹೆದರಿಕೆ ದೊಡ್ಡದಾಯಿತು. ಸಾಯುತ್ತೇನೆಂದು ಗೊತ್ತಿದ್ದರೂ ತನ್ನ ಮಾತಿಗೆ ಹೋಗುವ ಮಗು ಅದು.

ನೋವೈಗೆ ಮರಳಿದ ಮೇಲೆ ಖಲೀದಾ ಬೇರೆಯೇ ಆದಳು. ಮಗಳಿಗೆ ಉಣ್ಣು ಎನ್ನಳು, ಮಲಗು ಎನ್ನಳು, ಓದು ಎನ್ನಳು. ಅಲಿಯಾ ಮಾತ್ರ ಹಾಗೆಯೇ ಉಳಿದಳು. ಕೂರುವುದಕ್ಕೂ ಏಳುವುದಕ್ಕೂ "ಕ್ಯಾನ್ ಐ, ಮಮ್ಮಿ?" ಎನ್ನುವ ಹುಡುಗಿ. ಅವಳು ಹಾಗೆ ಕೇಳಿದಾಗಲೆಲ್ಲ ತಾಯಿಯ ಮುಖ ಬಿಳುಚಿಕೊಳ್ಳುತ್ತಿತ್ತು. ಮಿಕ್ಕ ಆಂಟಿಯರೆಲ್ಲ "ಎಷ್ಟು ಹೇಳಿದ ಮಾತು ಕೇಳ್ತಾಳೆ ನಿಮ್ ಮಗಳು!" ಎಂದು ಹೊಗಳುತ್ತಿದ್ದರು. ಖಲೀದಾ ಆ ಹೊಗಳಿಕೆ ಕೇಳಲಾರದೆ ಎದ್ದುಹೋಗುತ್ತಿದ್ದಳು. ಇವಳನ್ನು ಪುಕ್ಕಲಿ ಎನ್ನುವುದನ್ನು ನಾನು ಆಗಲೇ ಬಿಟ್ಟಿದ್ದೆ.

2009ರಲ್ಲಿ ಅಲಿಯಾಳಿಗೆ ಡ್ರೈವಿಂಗ್ ಪರ್ಮಿಟ್ ಬಂತು. ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು, ವಾಹಿದ್ ಅವತ್ತು ಊರಲ್ಲಿಲ್ಲ. ಇಂಡಿಯನ್ ಗ್ರೋಸರಿಗೆ ಹೊರಟೆವು. ಮುಂದೆ ತಾಯಿ, ಮಗಳು. ಹಿಂದೆ ನಾನು. ಇಲ್ಲಿ ಎಡಕ್ಕೆ ತಿರುಗಬೇಕೆಂದರೆ ಎದುರಿನ ಸಾಲನ್ನು ಅಡ್ಡ ದಾಟಬೇಕು, ಆ ತಿರುವಿನಲ್ಲಿ ಬಾಣದ ಸಿಗ್ನಲ್ ಇರಲಿಲ್ಲ. ಎದುರಿನಿಂದ ಕಾರುಗಳು ಬರುತ್ತಲೇ ಇದ್ದವು. ಒಂದು ತೆರಪು ಕಂಡಿತು.

"ಕ್ಯಾನ್ ಐ ಗೋ, ಮಮ್ಮಿ?"

ಖಲೀದಾ ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ತೆರಪು ಮುಚ್ಚಿತು. ಹಿಂದಿನವನು ಹಾರ್ನ್ ಹೊಡೆದ. ಇನ್ನೊಂದು ತೆರಪು.

"ಮಮ್ಮಿ? ಕ್ಯಾನ್ ಐ ಗೋ?"

ನನಗೇ ತಡೆಯಲಾಗದೆ "ಹೋಗಮ್ಮ" ಎಂದುಬಿಡುವುದರಲ್ಲಿದ್ದೆ. ಖಲೀದಾ ಹಿಂದಕ್ಕೆ ಕೈಚಾಚಿ ನನ್ನ ಮೊಣಕಾಲನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನ್ನ ಮಾತು ಬಾಯಲ್ಲೇ ನಿಂತಿತು. ಎದುರಿನಿಂದ ಒಂದು ಬಿಳಿ ವ್ಯಾನ್ ಬರುತ್ತಿತ್ತು. ಹಾರ್ನ್ ಮತ್ತೆ ಮತ್ತೆ ಹೊಡೆದುಕೊಂಡಿತು. ಆಗ ಖಲೀದಾಳಿಂದ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಜಾ" ಎಂದುಬಿಟ್ಟಳು.

"ನೋ," ಎಂದಳು ಅಲಿಯಾ.

ವ್ಯಾನ್ ನಮ್ಮ ಮುಂದೆಯೇ ಭರ್ರನೆ ಹಾದುಹೋಯಿತು. ಕಾರು ನಡುಗಿತು. ಅಲಿಯಾ ಎರಡೂ ಕಡೆ ನೋಡಿಕೊಂಡು, ಯಾರನ್ನೂ ಕೇಳದೆ, ನಿಧಾನವಾಗಿ ಎಡಕ್ಕೆ ತಿರುಗಿಸಿದಳು.

ಅಂಗಡಿಯ ಪಾರ್ಕಿಂಗಿನಲ್ಲಿ ಹುಡುಗಿ ಕಾರ್ಟ್ ತರಲು ಹೋದಳು. ಖಲೀದಾ ಸೀಟಿನಿಂದ ಏಳಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು.

"ನನ್ನ ಮಾತು ಕೇಳ್ಲಿಲ್ಲ ನೋಡ್ರಿ ವತ್ಸಲಾ," ಎಂದಳು. "ನನ್ನ ಮಗಳು ನನ್ನ ಮಾತು ಕೇಳ್ಲಿಲ್ಲ. ದೇವರ ದಯಾ, ಅಲ್ಹಮ್ದುಲಿಲ್ಲಾ."