ಅದು ಅವ್ವನ ದನಿಯಲ್ಲ ಎಂದೆ

ಎಪ್ಪತ್ತರ ದಶಕದ ಮಾತು. ಎರಡನೆಯ ಹೆರಿಗೆಯಾದಾಗ ನನ್ನ ಹೆಂಡತಿಯನ್ನು ನಮ್ಮ ಕುರಿಗಾರರ ಹಟ್ಟಿಯ ಕಟ್ಟಳೆಯಂತೆ ಹಸುಗೂಸಿನೊಂದಿಗೆ ಊರಾಚೆಯ ಗರಿ ಗುಡಿಸಲಿನಲ್ಲಿ ಇಟ್ಟಿದ್ದೆವು. ಸೂತಕ ಕಳೆಯಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ಮುದ್ದೆ ಸಾರು ತಂದು ದೂರದ ಬಂಡೆಯ ಮೇಲಿಟ್ಟು ಹಿಂದಿರುಗುತ್ತಿದ್ದೆ. ಶಿರಾದಲ್ಲಿ ಹೈಸ್ಕೂಲು ಓದಿದವನು ನಾನು. ಆದರೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ದೊಡ್ಡ ಮಗಳಿಗೆ ಆಗ ನಾಲ್ಕು ವರ್ಷ. ರಚ್ಚೆ ಹಿಡಿಯುತ್ತಾಳೆಂದು, ಅವ್ವ ಹೊಳವನಹಳ್ಳಿಯ ತವರಿಗೆ ಹೋಗಿದ್ದಾಳೆ ಎಂದು ಹೇಳಿಟ್ಟಿದ್ದೆ.

ಒಂದು ಸಂಜೆ ಕುರಿ ಹೊಡೆದುಕೊಂಡು ಬರುವಾಗ ಅವಳೂ ಜೊತೆಗಿದ್ದಳು. ಗುಡಿಸಲಿನ ಕಡೆಯಿಂದ ಕೂಸನ್ನು ಸಮಾಧಾನ ಮಾಡುವ ದನಿ ಕೇಳಿತು. ಮಗಳು ನಿಂತುಬಿಟ್ಟಳು.

"ಅಪ್ಪ, ಅದು ಅವ್ವ."

"ಅವ್ವ ಅಲ್ಲ ಕಣೆ, ಬೇರೆ ಯಾರೋ. ನಡಿ."

ಅವಳು ಅಳಲಿಲ್ಲ. ಸದ್ಯ ಎಂದುಕೊಂಡೆ.

ಅಂದಿನಿಂದ ಅವಳಿಗೆ ಊಟ ಸೇರದಾಯಿತು. ಮಾತು ನಿಂತಿತು, ರಾತ್ರಿ ಹಾಸಿಗೆ ಒದ್ದೆಯಾಗತೊಡಗಿತು. ದೃಷ್ಟಿ ತೆಗೆಸಿದೆವು. ಶಿರಾದ ದರ್ಗಾದಲ್ಲಿ ತಾಯತ ಕಟ್ಟಿಸಿದೆ. ಮಧುಗಿರಿಯ ಡಾಕ್ಟರು ಹುಳದ ಔಷಧಿ, ಟಾನಿಕ್ ಕೊಟ್ಟು, ತಾಯಿ ಎಲ್ಲಿ ಎಂದು ಕೇಳಿದರು. ತವರಲ್ಲಿದ್ದಾಳೆ ಎಂದು ಅವರಿಗೂ ಹೇಳಿದೆ. ಮಗು ನನ್ನ ಮುಖವನ್ನೇ ನೋಡುತ್ತಿತ್ತು.

ಇತ್ತ ಬಂಡೆಯ ಮೇಲಿಟ್ಟ ಮುದ್ದೆಯೂ ಅರ್ಧಕ್ಕರ್ಧ ಉಳಿಯುತ್ತಿತ್ತು. ಒಂದು ದಿನ ದೂರದಿಂದಲೇ ಹೆಂಡತಿಗೆ ಮಗಳ ವಿಷಯವನ್ನೆಲ್ಲ ತಿಳಿಸಿದೆ. ಅವಳು ಕೂಸನ್ನು ಒಳಗೆ ಮಲಗಿಸಿ ಬಾಗಿಲಿಗೆ ಬಂದಳು.

"ಕಿವೀಲಿ ಕೇಳಿದ್ದನ್ನೇ ಸುಳ್ಳು ಮಾಡ್ಬುಟ್ಯಲ್ಲಯ್ಯ. ಇನ್ಯಾವ ಔಸ್ತಿ ಕೊಟ್ರೆ ನಾಟ್ತದೆ? ಕರ್ಕಂಬಾ. ಮುಟ್ಟದು ಬ್ಯಾಡ, ನೋಡ್ಲಿ ಸಾಕು."

ಮಾರನೆಯ ಬೆಳಿಗ್ಗೆ ಕರೆದುಕೊಂಡು ಹೋದೆ. ಬಂಡೆಯ ಬಳಿ ನಿಂತು, ಹತ್ತಿರ ಹೋಗಿ ನೋಡು, ಅವ್ವನೇ ಅದು ಎಂದೆ. ಮಗಳು ಗುಡಿಸಲಿನ ಬಾಗಿಲಲ್ಲಿದ್ದ ಅವ್ವನನ್ನು ನೋಡಿದಳು, ನನ್ನನ್ನು ನೋಡಿದಳು, ಕದಲಲಿಲ್ಲ. ನನ್ನ ಮಾತನ್ನು ಅವಳು ನಂಬುತ್ತಿರಲಿಲ್ಲ. ಕೊನೆಗೆ ನಾನೇ ಕೈಹಿಡಿದು ಬಂಡೆ ದಾಟಿ, ಗುಡಿಸಲಿನ ಬಾಗಿಲಲ್ಲಿ ಹೆಂಡತಿಯ ಪಕ್ಕ ಕುಳಿತೆ. ಆಮೇಲೆ ಮಗು ಅವಳ ಮಡಿಲಿಗೆ ಸರಿಯಿತು. ಒಂದೇ ತಟ್ಟೆಯಲ್ಲಿ ಇಬ್ಬರೂ ಉಂಡರು.

ಹಟ್ಟಿಗೆ ಮೈಲಿಗೆ ತಂದೆನೆಂದು ನನ್ನ ತಾಯಿ ಬೈದಳು. ಕೆರೆಯಲ್ಲಿ ಮುಳುಗಿ ಬಂದೆ. ಮಾರನೆಯ ದಿನ ಮತ್ತೆ ಹೋದೆವು, ಸೂತಕ ಕಳೆಯುವವರೆಗೂ ಹೋದೆವು.

ಮಗಳು ಚೇತರಿಸಿಕೊಂಡಳು, ತಾಯಿಯೂ. ಆದರೆ ಎಷ್ಟೋ ವರ್ಷ, ನಾನು ಪಾವಗಡದ ಸಂತೆಗೆ ಹೊರಟರೆ ಮಗಳು ನನ್ನ ಚೀಲ ಹಿಡಿದು ಅಡುಗೆಮನೆಗೆ ಓಡಿ, "ಅಪ್ಪ ಸಂಜಿಗೆ ಬತ್ತಾನಂತೆ, ದಿಟಾನಾ?" ಎಂದು ಕೇಳುತ್ತಿದ್ದಳು. ಅವ್ವ ಹೂಂ ಅಂದ ಮೇಲೆಯೇ ಚೀಲವನ್ನು ನನಗೆ ಕೊಡುತ್ತಿದ್ದಳು.