ಕಡಿಯದೆ ಬಿಟ್ಟ ಬಾರಿಗಿಡ

ನಮ್ಮ ಪಾಂಡುರಂಗ ಕಾಕಾ ಅಫಜಲಪುರದಲ್ಲಿ ಸಾಲಿ ಮಾಸ್ತರನಾಗಿದ್ದ. ಆದರೆ ಅವನ ಹೆಸರು ದೊಡ್ಡದಾದದ್ದು ಬಾರಿಗಿಡ, ಅಂದರೆ ಬೋರೆಹಣ್ಣಿನ ಗಿಡ, ಸವರುವುದರಲ್ಲಿ. ಯುಗಾದಿ ಕಳೆದು ಎಲೆ ಉದುರಿತೆಂದರೆ ಓಣಿಯವರೆಲ್ಲ ತಮ್ಮ ಹಿತ್ತಲಿಗೆ ಅವನನ್ನೇ ಕರೆಯುತ್ತಿದ್ದರು. ಒಣಗಿದ್ದು, ಒಂದಕ್ಕೊಂದು ತಿಕ್ಕುವುದು, ನೆಲಕ್ಕೆ ಜೋಲುವುದು ಎಲ್ಲ ತೆಗೆದು ನಾಲ್ಕೈದು ಗಟ್ಟಿ ಟೊಂಗೆಗಳನ್ನಷ್ಟೇ ಮೊಳದುದ್ದ ಉಳಿಸುತ್ತಿದ್ದ. ನೋಡಿದವರು ಗಿಡ ಸತ್ತೇಹೋಯಿತು ಎನ್ನಬೇಕು, ಹಾಗೆ. ಸಂಕ್ರಮಣದ ಹೊತ್ತಿಗೆ ಹೊಸ ಟೊಂಗೆಯ ತುಂಬ ಹಣ್ಣು.

೧೯೭೪ರಲ್ಲಿ ಅವನ ಹೆಂಡತಿ ಪ್ರಮಿಲಾ ಕಾಕು ಏಳು ತಿಂಗಳ ಬಸುರಿ. ಮೊದಲ ಸಂಕ್ರಮಣಕ್ಕೆ ಮಗುವಿನ ತಲೆಯ ಮೇಲೆ ಬಾರಿಹಣ್ಣು ಸುರಿಯುವ ಪದ್ಧತಿ ನಮ್ಮಲ್ಲಿದೆ. ಮನೆಯ ಗಿಡದ ಹಣ್ಣೇ ಆಗಬೇಕೆಂದು ಕಾಕಾ ಕೊಡಲಿ ತೆಗೆದ. ತುಳಸಾಬಾಯಿ ಅಜ್ಜಿ, ಅಂದರೆ ಅವನ ತಾಯಿ, ಅಡ್ಡ ಬಂದಳು.

"ಹೆಂಡತಿ ಬಸುರಿದ್ದಾಗ ಗಂಡ ಹಣ್ಣಿನ ಗಿಡ ಕಡೀಬಾರದೋ."

"ಹೋಗವ್ವಾ, ಕಡದ್ರನ ಇದು ಚಿಗಿಯೂದು," ಎಂದು ಕಾಕಾ ನಕ್ಕು ಕಡಿದ.

ಮಗು ಸತ್ತೇ ಹುಟ್ಟಿತು. ಅಜ್ಜಿ ಬಾಣಂತಿಯ ಎದುರಿಗೇ, "ನಾ ಬಡಕೊಂಡೆ, ಕೇಳಿದ್ನೇನು?" ಎಂದಳು. ಈ ಮಾತಿಗಾಗಿ ಅಜ್ಜಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟಿರಬಾರದು ಎನ್ನುತ್ತಾರೆ, ಇದೆ, ಏನು ಮಾಡಲಿ? ಆ ಸಂಕ್ರಮಣಕ್ಕೆ ಗಿಡ ಎಂದೂ ಇಲ್ಲದಷ್ಟು ಹಣ್ಣು ಬಿಟ್ಟಿತು. ಯಾರೂ ಮುಟ್ಟಲಿಲ್ಲ.

ಮರುವರ್ಷದಿಂದ ಕಾಕಾ ಊರವರ ಗಿಡ ಸವರಿದ, ತನ್ನದನ್ನು ಬಿಟ್ಟ. ಕಾಕಾ ಕಾಕುವಿಗೆ ಮುಂದೆ ಮಕ್ಕಳಾಗಲಿಲ್ಲ. ಗಿಡ ಮಾತ್ರ ಬೆಳೆದೇ ಬೆಳೆಯಿತು. ಹಣ್ಣು ಕಡಲೆಕಾಳಿನಷ್ಟಾದವು, ಅದರಲ್ಲೂ ಹುಳ. ಬಚ್ಚಲಿನ ದಾರಿ ಮುಚ್ಚಿತು, ಅಡುಗೆಮನೆಯ ಕಿಟಕಿಯೊಳಗೆ ಮುಳ್ಳು ಬಂತು.

ಹದಿನೈದು ವರ್ಷಗಳ ಮೇಲೆ, ಅಜ್ಜಿ ತೀರಿಕೊಂಡ ಮರುಬೇಸಿಗೆ, ನಾನು ಸೋಲಾಪುರದಿಂದ ತವರಿಗೆ ಬಂದಿದ್ದೆ. ನೀರು ತರುತ್ತಿದ್ದ ಕಾಕುವಿನ ಕೆನ್ನೆಯನ್ನು ಒಂದು ಟೊಂಗೆ ಕಣ್ಣಿನ ಕೆಳಗಿನಿಂದ ಗೀರಿತು. ಅವಳು ಕೊಡ ಇಳಿಸಿ, ಅಟ್ಟದ ಮೇಲಿನ ಕೊಡಲಿ ತಂದು ಕಾಕಾನ ಮುಂದೆ ಇಟ್ಟಳು.

"ಇನ್ನರೆ ಕಡೀರಿ."

"ನಿನ್ನ ಮನಸ್ಸಿಗೆ ನೋವಾಗಬಾರದಂತ ಬಿಟ್ಟಿದ್ನಲ್ಲ," ಎಂದ ಕಾಕಾ.

ಕಾಕು ಸೆರಗಿನಿಂದ ರಕ್ತ ಒರೆಸಿಕೊಂಡಳು. "ಅತ್ತಿ ಮಾತು ನಾ ನಂಬಿರಲಿಲ್ರಿ. ಮರುವರ್ಷ ನೀವು ಗಿಡ ಮುಟ್ಟಲಿಲ್ಲ ನೋಡ್ರಿ, ಅವತ್ತ ನಂಬಿದೆ. ತಪ್ಪು ಮಾಡದವರು ಯಾಕ ಹೆದರ್ತಾರ ಅಂದ್ಕೊಂಡೆ."

"ಒಂದು ಮಾತು ಹೇಳಬಾರದಿತ್ತೇನು?"

"ನೀವು ಕೇಳಬಾರದಿತ್ತೇನ್ರಿ?"

ನನಗೆ ಅಳು ತಡೆಯಲಾಗಲಿಲ್ಲ. ಅವರಿಬ್ಬರೂ ಅಳಲಿಲ್ಲ. ಕಾಕಾ ಸಂಜೆಯವರೆಗೆ ಕಡಿದ. ಕಾಕು ಮುಳ್ಳಿನ ಟೊಂಗೆಗಳನ್ನು ಬರಿಗೈಯಲ್ಲೇ ಎಳೆದು ಬೇಲಿಗೆ ಹಾಕಿದಳು.